ಮೇಣದ ಹಾಲು: ಕೊಳ್ಳುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳು



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರದ ವಿಷಯ ಮುಗಿಯುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳೆ, ಆ ಮೇಣದ ಕ್ಯಾನು ಕಡೆಗೆ ಏನಾಯಿತು?" ಎಂದು ಕೇಳಿದರು. ಸಭೆ ನಕ್ಕಿತು, ನಾವೂ ನಕ್ಕು ಸುಮ್ಮನಾದೆವು. ಆದರೆ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಇದೇ ಬಗೆಯ ಕ್ಯಾನುಗಳನ್ನು ಹಿಡಿದು ತೋಟದಿಂದ ತೋಟಕ್ಕೆ ಬರುವವರು ಈಗಲೂ ಇದ್ದಾರೆ. ಆದುದರಿಂದ ನಡೆದದ್ದನ್ನು ಮುಚ್ಚಿಡದೆ ಹೇಳಿ, ಆ ಬಿಳಿಯ ದ್ರವ ಎಂಥದು, ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ, ನಮಗೆ ಎಷ್ಟರಮಟ್ಟಿಗೆ ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

2023ರ ಡಿಸೆಂಬರಿನಲ್ಲಿ, ಕಾಫಿ ಗಿಡಗಳ ನಡುವಿನ ಕಿತ್ತಳೆ ಕೊಯ್ಲಿಗೆ ಬಂದಿದ್ದಾಗ, ಮಾರಾಟಗಾರರೊಬ್ಬರು ಸಂಘದ ಕಛೇರಿಗೆ ಬಂದು 35 ಲೀಟರಿನ ಕ್ಯಾನೊಂದನ್ನು ಇಳಿಸಿದರು. ಮೇಲೆ "ವ್ಯಾಕ್ಸ್ ಎಮಲ್ಷನ್" ಎಂಬ ಎರಡು ಪದಗಳಲ್ಲದೆ ಬೇರೆ ಬರಹವಿರಲಿಲ್ಲ. ಇದರಲ್ಲಿ ಅದ್ದಿದರೆ ಹಣ್ಣು ತಿಂಗಳವರೆಗೆ ಬಾಡುವುದಿಲ್ಲ, ಪಟ್ಟಣದಲ್ಲಿ ಸೇಬಿನಂತೆ ಹೊಳೆಯುತ್ತದೆ ಎಂದರು. ಬೆಲೆಯೂ ಕಡಿಮೆ. ನಾವು ಪದವಿ ಓದಿದವರಾಗಿಯೂ ಒಂದು ಪ್ರಶ್ನೆ ಕೇಳದೆ ಕೊಂಡೆವು. ಒಬ್ಬ ಸದಸ್ಯರ ಇಪ್ಪತ್ತು ಕ್ರೇಟು ಹಣ್ಣಿನಲ್ಲಿ ಹತ್ತನ್ನು ನೀರು ಬೆರೆಸದೆ ಗಟ್ಟಿ ದ್ರವದಲ್ಲಿಯೇ ಅದ್ದಿ ಬೆಂಗಳೂರಿಗೆ ಕಳುಹಿಸಿದೆವು. ಐದನೆಯ ದಿನ ಶಿವಾಜಿನಗರದ ವ್ಯಾಪಾರಿಯಿಂದ ಫೋನು ಬಂತು: "ಏನ್ ಸಾರ್, ಹಣ್ಣಿಗೆ ಪೇಂಟ್ ಹೊಡ್ದಿದೀರಾ? ಹೊರಗೆ ಫಳಫಳ, ಒಳಗೆ ಹೆಂಡದ ವಾಸನೆ." ಅದ್ದದ ಹತ್ತು ಕ್ರೇಟಿಗೆ ಬೆಲೆ ಬಂತು, ಅದ್ದಿದ ಹತ್ತಕ್ಕೆ ಬರಲಿಲ್ಲ.

ಆ ಮೇಲೆ ಕಾಫಿ ಬೋರ್ಡಿನ ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ, ಒಂದು ಸಣ್ಣ ಸೀಸೆಯಲ್ಲಿ ಆ ದ್ರವವನ್ನು ತುಂಬಿಕೊಂಡು, ಶಿವಾಜಿನಗರದಿಂದ ಹಿಡಿದು ಪೂರ್ವಕ್ಕೆ ಕೆ.ಆರ್. ಪುರದವರೆಗೆ ವಿಚಾರಿಸುತ್ತ ಹೋದೆವು. ತಿಳಿದುಬಂದದ್ದು ಹೀಗಿದೆ.

ಎಮಲ್ಷನ್ ಎಂದರೇನು?

ಹೆಸರು ಹೊಸದಾದರೂ ವಸ್ತು ನಮಗೆ ಹೊಸದಲ್ಲ. ಹಾಲು ಒಂದು ಎಮಲ್ಷನ್. ನೀರಿನಲ್ಲಿ ಕೊಬ್ಬಿನ ಕಣ್ಣಿಗೆ ಕಾಣದ ಹನಿಗಳು ತೇಲುತ್ತಿರುತ್ತವೆ. ಒಂದಕ್ಕೊಂದು ಕೂಡಿಕೊಳ್ಳದಂತೆ ಹಾಲಿನ ಪ್ರೋಟೀನು ಆ ಹನಿಗಳ ಸುತ್ತ ಕಾವಲಿರುತ್ತದೆ. ಕಡೆದಾಗ ಆ ಕಾವಲು ಮುರಿದು ಕೊಬ್ಬು ಬೆಣ್ಣೆಯಾಗಿ ಒಂದಾಗುತ್ತದೆ. ಕೊಬ್ಬಿನ ಬದಲು ಮೇಣವಿದ್ದರೆ ಅದೇ ಮೇಣದ ಎಮಲ್ಷನ್, ಅಂದರೆ ಮೇಣದ ಹಾಲು.

ಇನ್ನೂ ಹತ್ತಿರದ ಉದಾಹರಣೆ ಅಡಿಕೆ ತೋಟದಲ್ಲಿಯೇ ಇದೆ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ನಮ್ಮ ಹಿರಿಯರಿಗೆ ಕಲಿಸಿಕೊಟ್ಟರು. ಮಳೆಗೆ ಔಷಧಿ ತೊಳೆದುಹೋಗದಿರಲೆಂದು ರಾಳವನ್ನು ವಾಷಿಂಗ್ ಸೋಡದೊಡನೆ ಕುದಿಸಿ ಬೆರೆಸುವುದು ಅನೇಕರಿಗೆ ಗೊತ್ತು. ನೀರಿಗೆ ಸೇರದ ರಾಳ, ಸೋಡದೊಡನೆ ಕುದಿದಾಗ ಸಾಬೂನಾಗಿ ನೀರಿಗೆ ಸೇರುತ್ತದೆ. ಅದೇ ಸಾಬೂನು ದ್ರಾವಣದಲ್ಲಿರುವ ಸುಣ್ಣ, ತಾಮ್ರಗಳೊಡನೆ ಕೂಡಿದಾಗ ಮತ್ತೆ ನೀರಿನಲ್ಲಿ ಕರಗದ ಅಂಟಾಗಿ ಕೊನೆಯ ಮೇಲೆ ನಿಲ್ಲುತ್ತದೆ. ನೀರನ್ನು ವಾಹನವನ್ನಾಗಿ ಮಾಡಿಕೊಂಡು ನೀರಿಗೆ ಜಗ್ಗದ ಪದರವನ್ನು ಬೇಕಾದ ಜಾಗಕ್ಕೆ ಮುಟ್ಟಿಸುವುದು. ಮೇಣದ ಎಮಲ್ಷನ್ನಿನ ಗುಟ್ಟೂ ಇಷ್ಟೇ.

ತಯಾರಿಸುವ ಬಗೆ

ಮೇಣವನ್ನು ಕರಗಿಸಿ, ಸ್ಟಿಯರಿಕ್ ಅಥವಾ ಓಲಿಯಿಕ್ ಎಂಬ ಕೊಬ್ಬಿನ ಆಮ್ಲವನ್ನು ಸೇರಿಸುತ್ತಾರೆ. ಅಮೋನಿಯದಂಥ ಒಂದು ಕ್ಷಾರವನ್ನು ಬೆರೆಸಿದಾಗ ಅಲ್ಲಿಯೇ ಸಾಬೂನು ಹುಟ್ಟುತ್ತದೆ. ಬಳಿಕ ಅಷ್ಟೇ ಕಾದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಬಲವಾಗಿ ಕಲಕುತ್ತಾರೆ. ಮೊದಲು ಮೇಣದೊಳಗೆ ನೀರಿನ ಹನಿಗಳಿದ್ದು ಗಟ್ಟಿಯಾಗಿರುತ್ತದೆ. ನೀರು ಹೆಚ್ಚಿದಂತೆ ಒಂದು ಹಂತದಲ್ಲಿ ಒಮ್ಮೆಲೇ ಬುಡಮೇಲಾಗಿ ನೀರಿನೊಳಗೆ ಮೇಣದ ಹನಿಗಳಾಗಿ ತೆಳುವಾಗುತ್ತದೆ. ಬೆಣ್ಣೆ ಕಡೆಯುವುದರ ತಿರುವುಮುರುವು ಎನ್ನಬಹುದು. ಒಳ್ಳೆಯ ಎಮಲ್ಷನ್ನಿನಲ್ಲಿ ಹನಿಗಳು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಇಲ್ಲವೆ ಅದಕ್ಕಿಂತ ಚಿಕ್ಕದಾಗಿರುತ್ತವೆ. ಬಹಳ ನುಣುಪಾದದ್ದು ತುಸು ನೀಲಿ ಛಾಯೆಯಿಂದ ಅರೆಪಾರದರ್ಶಕವಾಗಿ ಕಾಣುತ್ತದೆ. ಒರಟಾದದ್ದು ಹಾಲಿನಂತೆ ಬೆಳ್ಳಗಿರುತ್ತದೆ.

ಮೇಣವನ್ನು ಸೀಮೆಎಣ್ಣೆ, ಟರ್ಪೆಂಟೈನುಗಳಲ್ಲಿ ಕರಗಿಸಿ ಬಳಸುವುದೂ ಉಂಟು. ಆದರೆ ಅದಕ್ಕೆ ಬೆಂಕಿಯ ಭಯ, ಕೆಟ್ಟ ವಾಸನೆ, ಹೆಚ್ಚಿನ ಖರ್ಚು. ಎಮಲ್ಷನ್ನಿನಲ್ಲಿ ಆರಿಹೋಗುವುದು ನೀರು ಮಾತ್ರ. ಕೈಗಾರಿಕೆಗಳು ಇದನ್ನು ಮೆಚ್ಚಲು ಇದೇ ಮುಖ್ಯ ಕಾರಣ.

ಮೇಣಗಳಲ್ಲಿ ಭೇದ

ಮುಖ್ಯವಾದ ಮಾತು ಇಲ್ಲಿದೆ. ಎಮಲ್ಷನ್ ಆದ ಮೇಲೆ ಎಲ್ಲ ಮೇಣಗಳೂ ನೋಡಲು ಒಂದೇ ಬಿಳಿ. ಆದರೆ ಒಳಗಿರುವುದು ಬೇರೆ ಬೇರೆ. ಪ್ಯಾರಫಿನ್ ಕಚ್ಚಾ ಪೆಟ್ರೋಲಿಯಂ ಎಣ್ಣೆಯಿಂದ ಬಂದದ್ದು, ಅಗ್ಗ, ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಜೇನುಮೇಣ 62ರಿಂದ 65 ಡಿಗ್ರಿಗೆ ಕರಗುತ್ತದೆ. ಕಾರ್ನೌಬ ಮೇಣ ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಗರಿಗಳಿಂದ ಬರುತ್ತದೆ, ನಮ್ಮ ಅಡಿಕೆಯ ದೂರದ ನೆಂಟ. ಅಲ್ಲಿಯ ಒಣಹವೆಯಲ್ಲಿ ಗರಿ ನೀರು ಕಳೆದುಕೊಳ್ಳದಿರಲೆಂದು ತಾನೇ ಮೇಣ ಸುರಿಸಿಕೊಳ್ಳುತ್ತದೆ. ಗರಿಗಳನ್ನು ಕೊಯ್ದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಇದು 82ರಿಂದ 86 ಡಿಗ್ರಿಯವರೆಗೆ ಕರಗುವುದಿಲ್ಲ, ಗಟ್ಟಿ, ಹೊಳಪು ಹೆಚ್ಚು. ಅರಗಿನ ಹುಳುವಿನಿಂದ ಬರುವ ಶೆಲ್ಯಾಕ್ ಇದೆ. ಪಾಲಿಎಥಿಲೀನ್ ಮೇಣ ಕಾರ್ಖಾನೆಯಲ್ಲಿ ತಯಾರಾಗುವಂಥದು. ಬಹುಪಾಲು ನೀರಿನ ಕುದಿಬಿಂದುವಿಗಿಂತ ಹೆಚ್ಚಿನ ಉಷ್ಣದಲ್ಲಿ ಕರಗುವುದರಿಂದ ಒತ್ತಡದ ಪಾತ್ರೆಯಲ್ಲಿ ಎಮಲ್ಷನ್ ಮಾಡಬೇಕಾಗುತ್ತದೆ.

ನಮ್ಮ ಕಾಫಿ ಬೀಜದ ಮೈಮೇಲೂ ತೆಳುವಾದ ಮೇಣದ ಪದರವಿದೆ. ಮೇಣ ಎಂಬುದು ಸಸ್ಯಗಳು ನೀರನ್ನು ಕಾಯ್ದುಕೊಳ್ಳಲು ಕಂಡುಕೊಂಡ ಉಪಾಯ. ಮನುಷ್ಯ ಅದನ್ನೇ ನಕಲು ಮಾಡಿದ್ದಾನೆ.

ಶಿವಾಜಿನಗರದಲ್ಲಿ

1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಹಣ್ಣಿನ ಸಾಲಿನಲ್ಲಿ ನಿಂತರೆ ಮೇಣದ ಉಪಯೋಗ ಕಣ್ಣಿಗೆ ಹೊಡೆಯುತ್ತದೆ. ಹಣ್ಣನ್ನು ತೊಳೆದಾಗ ಅದರ ಸಹಜ ಮೇಣ ಸ್ವಲ್ಪ ಹೋಗುತ್ತದೆ. ಆ ನಷ್ಟವನ್ನು ತುಂಬಲು ದೊಡ್ಡ ಪ್ಯಾಕಿಂಗ್ ಶೆಡ್ಡುಗಳಲ್ಲಿ ತೆಳುವಾದ ಎಮಲ್ಷನ್ ಸಿಂಪಡಿಸಿ ಒಣಗಿಸುತ್ತಾರೆ. ನೀರು ಆರುವುದು ನಿಧಾನವಾಗಿ, ಹಣ್ಣು ಸುಕ್ಕುಗಟ್ಟುವುದೂ ತೂಕ ಇಳಿಯುವುದೂ ತಡವಾಗುತ್ತವೆ. ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯವರು, ಅಂದರೆ ಸಿ.ಎಫ್.ಟಿ.ಆರ್.ಐ.ನವರು, ದಶಕಗಳ ಹಿಂದೆಯೇ ಈ ಕೆಲಸ ಮಾಡಿ "ವ್ಯಾಕ್ಸಾಲ್" ಎಂಬ ಹೆಸರಿನ ಎಮಲ್ಷನ್ನನ್ನು ರೂಪಿಸಿದರು. ಅದರಲ್ಲಿ ನೂರಕ್ಕೆ 12 ಭಾಗ ಮಾತ್ರ ಘನಪದಾರ್ಥ, ಉಳಿದದ್ದು ನೀರು. ಮಾವಿನಂಥ ಹಣ್ಣುಗಳಿಗೆ ಅದನ್ನೂ ನೀರು ಬೆರೆಸಿ ಅರ್ಧಕ್ಕೆ, 6 ಭಾಗಕ್ಕೆ, ಇಳಿಸಿ ಪ್ರಯೋಗಿಸಿದ್ದಾರೆ.

ಗಿರಾಕಿಗಳು ಸೇಬನ್ನು ಚಾಕುವಿನಿಂದ ಕೆರೆದು ಬಿಳಿಯ ಪುಡಿ ಕಂಡು ವಿಷವೆಂದು ಹೆದರುವುದುಂಟು. ಒಪ್ಪಿತ ಮೇಣವಾದರೆ ಹೆದರಬೇಕಾಗಿಲ್ಲ. ಅದು ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಒಪ್ಪಿತವಲ್ಲದ್ದಾದರೆ ಹೆದರಿಕೆ ಸಕಾರಣ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಾವಳಿ ತಾಜಾ ಹಣ್ಣಿನ ಲೇಪನಕ್ಕೆ ಹೆಸರು ಹಿಡಿದು ಹೇಳಿರುವುದು ಜೇನುಮೇಣ, ಕಾರ್ನೌಬ, ಶೆಲ್ಯಾಕ್ ಮೇಣಗಳನ್ನು. ಅದೂ ಲೇಬಲ್ಲಿನ ಮೇಲೆ ತಿಳಿಸಿದರೆ ಮಾತ್ರ. ಮಿನರಲ್ ಆಯಿಲ್ ಬಳಿದ ಹಣ್ಣು ಮಾರುವಂತಿಲ್ಲ.

ಮಾರುಕಟ್ಟೆಯಿಂದ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆಯಂಗಡಿಗಳು ಕೂಗಳತೆಯ ದೂರ. ಬಟ್ಟೆಯನ್ನು ಮೆದುಗೊಳಿಸಲು, ಹೊಲಿಯುವಾಗ ಸೂಜಿ ಸರಾಗವಾಗಿ ಹಾಯಲು ಪಾಲಿಎಥಿಲೀನ್ ಎಮಲ್ಷನ್ ಹಾಕುತ್ತಾರೆ. ಡೇರೆಯ ಬಟ್ಟೆ, ಟಾರ್ಪಾಲಿನ್‌ಗಳು ಮಳೆಗೆ ತೊಯ್ಯದಂತೆ ಪ್ಯಾರಫಿನ್ ಎಮಲ್ಷನ್ನಿಗೆ ಅಲ್ಯೂಮಿನಿಯಂ ಇಲ್ಲವೆ ಜಿರ್ಕೋನಿಯಂ ಲವಣ ಸೇರಿಸಿ ಬಳಸುವುದು ಹಳೆಯ ಪದ್ಧತಿ. ಚರ್ಮದ ಚೀಲ, ಪಾದರಕ್ಷೆಗಳ ಕೊನೆಯ ಹೊಳಪಿನಲ್ಲಿಯೂ ಮೇಣದ ಪಾಲಿದೆ.

ಹಲಸೂರು, ಇಂದಿರಾನಗರ

ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತಿದೆವು. ಬೆಂಗಳೂರಿನ ಮೊದಲ ಮೆಟ್ರೊ 2011ರ ಅಕ್ಟೋಬರ್ 20ರಂದು ಓಡಿದ್ದು ಇದೇ ದಾರಿಯಲ್ಲಿ, ಬೈಯಪ್ಪನಹಳ್ಳಿಯವರೆಗೆ. ಹಲಸೂರಿನ ಮೇಲೆ ಹಾಯುವಾಗ ಎರಡೂ ಕಡೆ ಕಾಣುವುದು ಕಾಂಕ್ರೀಟು. ಕಾಂಕ್ರೀಟು ಗಟ್ಟಿಯಾಗಲು ತೇವ ಬೇಕು. ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಎತ್ತರದ ಕಂಬಕ್ಕೆ ಗೋಣಿತಾಟು ಸುತ್ತಿ ನೀರು ಹಾಕುವುದು ಕಷ್ಟವಾದ ಕಡೆ ಮೇಣದ ಎಮಲ್ಷನ್ ಸಿಂಪಡಿಸಿ ಒಳಗಿನ ತೇವ ಹೊರಹೋಗದಂತೆ ತಡೆಯುವ ಕ್ರಮವಿದೆ. ಇದನ್ನು ಕ್ಯೂರಿಂಗ್ ಕಾಂಪೌಂಡ್ ಎನ್ನುತ್ತಾರೆ.

ಸದಸ್ಯರಿಗೆ ಇಲ್ಲೊಂದು ಎಚ್ಚರಿಕೆ. ಹೊಸದಾಗಿ ಕಾಫಿ ಕಣ ಮಾಡಿಸುವವರಿಗೆ ಮೇಸ್ತ್ರಿಗಳು ಇದನ್ನು ಸೂಚಿಸಬಹುದು. ಬೇಡ. ಕಣದ ಮೇಲೆ ಒಣಗುವುದು ಮನುಷ್ಯರು ಕುಡಿಯುವ ಪದಾರ್ಥ. ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದರೆ ಸಾಕು, ಖರ್ಚೂ ಇಲ್ಲ.

ಇಂದಿರಾನಗರದ ಹಳೆಯ ಮನೆಗಳಲ್ಲಿ ಈಗಲೂ ಉಳಿದಿರುವ ರೆಡ್ ಆಕ್ಸೈಡ್ ನೆಲಕ್ಕೆ ಹಿಂದೆ ಟರ್ಪೆಂಟೈನಿನ ಮೇಣ ತಿಕ್ಕುತ್ತಿದ್ದರು. ನೀರಿನ ಎಮಲ್ಷನ್ ಬಂದ ಮೇಲೆ ಒರೆಸಿಬಿಟ್ಟರೆ ತಾನೇ ಹೊಳೆಯುವ ಪಾಲಿಷ್ ಸಾಧ್ಯವಾಯಿತು. ಅದೇ ಬಡಾವಣೆಯ ಪೀಠೋಪಕರಣದ ಅಂಗಡಿಗಳಲ್ಲಿ ಇರುವುದರಲ್ಲಿ ಬಹಳಷ್ಟು ಮರದ ಚೂರನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಚೂರು ನೀರು ಕುಡಿದರೆ ಹಲಗೆ ಊದಿಕೊಳ್ಳುತ್ತದೆ. ಅದನ್ನು ತಡೆಯಲು ಒಣ ಮರದ ತೂಕದ ನೂರಕ್ಕೆ ಅರ್ಧದಿಂದ ಒಂದು ಭಾಗದಷ್ಟು ಮೇಣವನ್ನು ಎಮಲ್ಷನ್ ರೂಪದಲ್ಲಿ ಬೆರೆಸುತ್ತಾರೆ. ನೂರು ಕಿಲೋ ಚೂರಿಗೆ ಹೆಚ್ಚೆಂದರೆ ಒಂದು ಕಿಲೋ ಮೇಣ. ಅಷ್ಟು ಕಡಿಮೆ ಮೇಣ ಅಷ್ಟು ಚೂರಿನ ಮೈಮೇಲೆಲ್ಲ ಹರಡುವುದು ಎಮಲ್ಷನ್ನಿನ ಸಣ್ಣ ಹನಿಗಳಿಂದಲೇ ಸಾಧ್ಯ. ಇದಕ್ಕೆ ಅಗ್ಗದ ಪ್ಯಾರಫಿನ್ ಸಾಕು.

ಕೆ.ಆರ್. ಪುರದಲ್ಲಿ

2023ರಲ್ಲಿ ಮೆಟ್ರೊ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗೆ ಹೋಯಿತು. 1948ರಲ್ಲಿ ದೂರವಾಣಿನಗರದಲ್ಲಿ ಐ.ಟಿ.ಐ. ಸ್ಥಾಪನೆಯಾದಂದಿನಿಂದ ಈ ಕಡೆ ಕಾರ್ಖಾನೆಗಳ ನೆಲ. ಇಲ್ಲಿಯ ಒಂದು ಸಣ್ಣ ಘಟಕದಲ್ಲಿ ರಸಾಯನಶಾಸ್ತ್ರ ಓದಿದ ನಮ್ಮೂರಿನ ಹುಡುಗನೊಬ್ಬ ಕೆಲಸಕ್ಕಿದ್ದಾನೆ. ಮುದ್ರಣದ ಶಾಯಿ ಮತ್ತು ಬಣ್ಣಗಳಿಗೆ ಎಮಲ್ಷನ್ ಸೇರಿಸಿದರೆ ಉಜ್ಜಿದಾಗ ಅಳಿಸುವುದಿಲ್ಲ, ರಟ್ಟಿನ ಪೆಟ್ಟಿಗೆ ತೇವ ಹೀರುವುದಿಲ್ಲ, ಗಾಜಿನ ಸೀಸೆಗಳ ಹೊರಮೈಗೆ ಪಾಲಿಎಥಿಲೀನ್ ಎಮಲ್ಷನ್ ಸಿಂಪಡಿಸಿದರೆ ಒಂದಕ್ಕೊಂದು ತಾಗಿ ಗೀರು ಬೀಳುವುದಿಲ್ಲ ಎಂದು ವಿವರಿಸಿದ.

ನಮ್ಮ ಸೀಸೆಯಲ್ಲಿದ್ದುದನ್ನು ಗಾಜಿನ ತಟ್ಟೆಯ ಮೇಲೆ ಒಣಗಿಸಿ, ಉಳಿದ ಮೇಣವನ್ನು ಬಿಸಿನೀರಿಗೆ ಹಾಕಿ ಥರ್ಮಾಮೀಟರು ಇಟ್ಟ. 58 ಡಿಗ್ರಿಗೆ ಕರಗಿ ತೇಲಿತು. ಕಾರ್ನೌಬ ಆಗಿದ್ದರೆ 80 ದಾಟಬೇಕಿತ್ತು. ಇದೊಂದೇ ಪರೀಕ್ಷೆ ಸಾಲದೆಂದು ಕ್ಯಾನಿನ ತಳದಲ್ಲಿದ್ದ ಬ್ಯಾಚ್ ನಂಬರನ್ನು ಕೊಟ್ಟು ತಯಾರಕರಿಂದ ಮಾಹಿತಿ ಹಾಳೆ ತರಿಸಿದ. "ಚಿಕ್ಕಪ್ಪ, ಇದು ಹಲಗೆ ಕಾರ್ಖಾನೆಗೆ ಹೋಗಬೇಕಾದ ಪ್ಯಾರಫಿನ್ ಮಾಲು. ತಯಾರಕರದ್ದೇನೂ ತಪ್ಪಿಲ್ಲ. ಹಾಳೆಯಲ್ಲಿ ಮರಕ್ಕೆ ಎಂದೇ ಬರೆದಿದ್ದಾರೆ. ನಡುವೆ ಯಾರೋ ಚೀಟಿ ಕಿತ್ತಿದ್ದಾರೆ, ನೀವು ಕೇಳಲಿಲ್ಲ," ಎಂದ. ಅದರಲ್ಲಿ ಘನಪದಾರ್ಥ ನೂರಕ್ಕೆ 50 ಭಾಗ!

ಹಣ್ಣು ಕೆಟ್ಟ ಕಾರಣ ಈಗ ಸ್ಪಷ್ಟ. ಕೊಯ್ದ ಹಣ್ಣೂ ಉಸಿರಾಡುತ್ತದೆ. ತೆಳುವಾದ ಪದರ ಉಸಿರನ್ನು ನಿಧಾನಗೊಳಿಸುತ್ತದೆ, ದಪ್ಪ ಪದರ ಕಟ್ಟಿಬಿಡುತ್ತದೆ. ಆಮ್ಲಜನಕ ಸಿಗದ ಹಣ್ಣಿನೊಳಗೆ ಸಕ್ಕರೆ ಮದ್ಯಸಾರವಾಗತೊಡಗುತ್ತದೆ. ವ್ಯಾಪಾರಿ ಹೇಳಿದ ಹೆಂಡದ ವಾಸನೆ ಅದೇ. 12 ಭಾಗವೇ ಹೆಚ್ಚೆನ್ನುವ ಕಡೆ ನಾವು 50 ಭಾಗದ್ದನ್ನು, ಅದೂ ತಿನ್ನಬಾರದ್ದನ್ನು, ಬಳಿದಿದ್ದೆವು. ಆ ಹಣ್ಣು ಮಾರಾಟವಾಗದೆ ಉಳಿದದ್ದೇ ನಮ್ಮ ಪುಣ್ಯ.

ನಮಗೆ ಎಲ್ಲಿ ಉಪಯೋಗ?

ದಿಮ್ಮಿಗಳಿಗೆ: ಹಸಿ ಮರದ ತೇವ ಪಕ್ಕದ ಮೈಗಿಂತ ಕೊಯ್ದ ತುದಿಯಿಂದ ಹತ್ತು ಹನ್ನೆರಡು ಪಟ್ಟು ವೇಗವಾಗಿ ಹೋಗುತ್ತದೆ. ಆದುದರಿಂದಲೇ ಸಿಲ್ವರ್ ಓಕ್ ದಿಮ್ಮಿಯ ತುದಿ ಸೀಳಿ, ಅಷ್ಟುದ್ದ ಕಳೆದು ಅಳತೆ ಹಿಡಿಯುತ್ತಾರೆ. ಕಡಿದ ದಿನವೇ ಎರಡೂ ತುದಿಗೆ ಮೇಣದ ಎಮಲ್ಷನ್ ದಪ್ಪವಾಗಿ ಬಳಿದರೆ ಸೀಳುವುದು ಕಡಿಮೆಯಾಗುತ್ತದೆ. ವಾರ ಕಳೆದು ಬಳಿದರೆ ಪ್ರಯೋಜನವಿಲ್ಲ. ಇಲ್ಲಿ ಪ್ಯಾರಫಿನ್ ಸರಿಯಾದ ವಸ್ತು.

ಗೋಣಿಚೀಲಕ್ಕೆ: ಸೆಣಬನ್ನು ನೂಲುವ ಮೊದಲು ಮೆದುಗೊಳಿಸಲು ನೀರಿನಲ್ಲಿ ಎಣ್ಣೆಯ ಎಮಲ್ಷನ್ ಹಾಕುತ್ತಾರೆ. ಮಿನರಲ್ ಆಯಿಲ್ ಬಳಸಿದ ಚೀಲದಿಂದ ಅದರ ವಾಸನೆ ಕಾಫಿಗೆ ಅಂಟುತ್ತದೆ. ಅಂತರರಾಷ್ಟ್ರೀಯ ಸೆಣಬು ಸಂಸ್ಥೆಯ 98/01 ಎಂಬ ಮಾನಕ ಕಾಫಿ, ಕೋಕೋಗಳಿಗೆ ಸಸ್ಯತೈಲದಿಂದ ತಯಾರಾದ ಆಹಾರ ದರ್ಜೆಯ ಚೀಲವನ್ನು ಗೊತ್ತುಪಡಿಸಿದೆ. ಪಾರ್ಚ್‌ಮೆಂಟ್ ತುಂಬುವವರು ಚೀಲ ಕೊಳ್ಳುವಾಗ ಮೂಸಿ ನೋಡಿ, ಕೇಳಿ ಕೊಳ್ಳಬೇಕು.

ಕಿತ್ತಳೆಗೆ: ಆಹಾರ ದರ್ಜೆಯದು, ಸರಿಯಾದ ಪ್ರಮಾಣದಲ್ಲಿ, ಶುದ್ಧವಾಗಿ ತೊಳೆದು ಒಣಗಿಸಿದ ಹಣ್ಣಿಗೆ ಮಾತ್ರ. ಗಾಯವಾದ, ಕೊಳೆ ತಗಲಿದ ಹಣ್ಣನ್ನು ಮೇಣ ಉಳಿಸುವುದಿಲ್ಲ. ನಾಲ್ಕೈದು ದಿನದಲ್ಲಿ ಮಾರಾಟವಾಗುವ ಹಣ್ಣಿಗೆ ಇದರ ಖರ್ಚೇ ದಂಡವೆಂದು ನಮ್ಮ ಅಭಿಪ್ರಾಯ.

ಎಲೆಗಳಿಗೆ: ಬೇಸಿಗೆಯಲ್ಲಿ ಕಾಫಿ ಗಿಡದ ಎಲೆಗೆ ಹೊಡೆದರೆ ತೇವ ಉಳಿಯುತ್ತದೆಂದು ಹೇಳುವವರಿದ್ದಾರೆ. ಎಲೆಯಿಂದ ನೀರು ಹೊರಹೋಗುವ ರಂಧ್ರದಿಂದಲೇ ಇಂಗಾಲದ ಡೈ ಆಕ್ಸೈಡ್ ಒಳಬರಬೇಕು. ಅದನ್ನು ಮುಚ್ಚಿದರೆ ಗಿಡದ ಊಟವನ್ನೂ ತಡೆದಂತೆ. ನೆರಳು, ದರಗು ಮುಚ್ಚಿಗೆ ಇವುಗಳನ್ನು ಬಿಟ್ಟು ಇದಕ್ಕೆ ಹಣ ಹಾಕಬೇಡಿ. ಬೋರ್ಡೋ ದ್ರಾವಣಕ್ಕೂ ಇದನ್ನು ಬೆರೆಸಬೇಡಿ. ಸುಣ್ಣ, ತಾಮ್ರ ಸೇರಿದೊಡನೆ ಸಾಬೂನಿನ ಕಾವಲು ಮುರಿದು ಮೇಣ ಮೊಸರಿನಂತೆ ಒಡೆದು ನಾಜಲ್ ಕಟ್ಟಿಕೊಳ್ಳುತ್ತದೆ. ಗಡಸು ನೀರಿನ ಬೋರ್‌ವೆಲ್ಲಿನಲ್ಲಿಯೂ ಈ ತೊಂದರೆ ಬರಬಹುದು.

ಕೇಳಬೇಕಾದ ಪ್ರಶ್ನೆಗಳು

1. ಯಾವ ಮೇಣ? ಹೆಸರು ಲೇಬಲ್ಲಿನ ಮೇಲೆ ಇದೆಯೆ?
2. ಆಹಾರ ದರ್ಜೆಯದೆಂದು ತಯಾರಕರು ಬರೆದು ಕೊಟ್ಟಿದ್ದಾರೆಯೆ?
3. ನೂರಕ್ಕೆ ಎಷ್ಟು ಭಾಗ ಘನಪದಾರ್ಥ? ಎಷ್ಟು ನೀರು ಬೆರೆಸಬೇಕು?
4. ತಯಾರಾದ ದಿನಾಂಕ, ಬ್ಯಾಚ್ ನಂಬರು, ತಯಾರಕರ ವಿಳಾಸ ಇವೆಯೆ?
5. ಒಂದು ಲೋಟ ನಮ್ಮ ತೋಟದ ನೀರಿಗೆ ಒಂದು ಚಮಚ ಹಾಕಿಟ್ಟರೆ ಮಾರನೆಯ ದಿನ ಒಡೆಯದೆ ಉಳಿಯುತ್ತದೆಯೆ?

ಈ ಐದಕ್ಕೂ ಉತ್ತರ ಸಿಗದಿದ್ದರೆ ಕ್ಯಾನನ್ನು ಜೀಪಿನಿಂದ ಇಳಿಸಿಕೊಳ್ಳಬೇಡಿ.

ಇನ್ನು ಮಹಾಸಭೆಯ ಪ್ರಶ್ನೆಗೆ ಉತ್ತರ. ಹತ್ತು ಕ್ರೇಟಿನ ನಷ್ಟವನ್ನು ಆ ಸದಸ್ಯರಿಗೆ ಸಂಘದ ಖಾತೆಯಿಂದಲ್ಲ, ನಮ್ಮ ಸ್ವಂತ ಲೆಕ್ಕದಿಂದ ತುಂಬಿಕೊಟ್ಟಿದ್ದೇವೆ. ಕ್ಯಾನಿನಲ್ಲಿ ಉಳಿದದ್ದನ್ನು ನಮ್ಮ ತೋಟದಲ್ಲಿ ಕಡಿದ ಸಿಲ್ವರ್ ಓಕ್ ದಿಮ್ಮಿಗಳ ತುದಿಗೆ ಬಳಿದೆವು. ಬಳಿಯದೆ ಬಿಟ್ಟ ನಾಲ್ಕು ದಿಮ್ಮಿಗಳಿಗಿಂತ ಬಳಿದವುಗಳ ತುದಿ ಕಡಿಮೆ ಸೀಳಿತು. ವಸ್ತು ಕೆಟ್ಟದ್ದಾಗಿರಲಿಲ್ಲ, ಹಾಕಿದ ಜಾಗ ತಪ್ಪಾಗಿತ್ತು. ಖಾಲಿ ಕ್ಯಾನು ಕಛೇರಿಯ ಹಿಂದಿದೆ. ನೀರು ತುಂಬಲು ಯಾರೂ ಒಯ್ಯಬಾರದೆಂದು ತಳ ತೂತು ಮಾಡಿಸಿದ್ದೇವೆ.

ದಿಮ್ಮಿಯ ತುದಿಗೆ ಬಳಿಯಲು ಎಮಲ್ಷನ್ ಬೇಕಾದ ಸದಸ್ಯರು ಕಛೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರಿಕೆ. ಬೇಡಿಕೆ ನೋಡಿಕೊಂಡು, ಈ ಬಾರಿ ಲೇಬಲ್ ಓದಿ, ಒಟ್ಟಾಗಿ ತರಿಸೋಣ.

ಕಾರ್ಯದರ್ಶಿ